ಸ್ಟಿಯರಿಂಗ್ ಕೂಗಿದರೆ, ಡೋರ್ ಕೈಕೊಟ್ಟರೆ

ಹಳೇ ಪಿಕಪ್ ಟ್ರಕ್ಕುಗಳಲ್ಲಿ ಎರಡು ಮಾಮೂಲಿ ಕಾಯಿಲೆ: ತಿರುಗಿಸಿದರೆ ಸ್ಟಿಯರಿಂಗ್ ಸದ್ದು, ಆಗಾಗ ಕೈಕೊಡುವ ಪವರ್ ವಿಂಡೋ ಮತ್ತು ಲಾಕ್. ಪಾರ್ಟ್ ಬದಲಾಯಿಸೋಕೆ ಮುಂಚೆ ಸ್ವಲ್ಪ ಪತ್ತೇದಾರಿ ಮಾಡೋಣ.

ಮೊದಲು ಸದ್ದು ಯಾವ ಥರದ್ದು ಅಂತ ಕೇಳಿ. ಹೈಡ್ರಾಲಿಕ್ ಸ್ಟಿಯರಿಂಗ್ 'ಗುಂಯ್' ಅಂದರೆ ಆಯಿಲ್ ಕಮ್ಮಿಯಿರಬಹುದು, ಇಲ್ಲವೇ ಗಾಳಿ ಸೇರಿರಬಹುದು. ರಿಸರ್ವಾಯರ್‌ನಲ್ಲಿ ನೊರೆ ಕಂಡರೆ ಗಾಳಿಯೇ. 'ಕೀಚ್' ಅಂದರೆ ಬೆಲ್ಟ್ ಜಾರುತ್ತಿರಬಹುದು. 'ಟಕ್' ಅಂದರೆ ಶಾಫ್ಟಿನ ಯುನಿವರ್ಸಲ್ ಜಾಯಿಂಟ್ ಅಥವಾ ಟೈ ರಾಡ್ ಎಂಡ್ ಸವೆದಿರಬಹುದು. ಇದನ್ನು ಮಾತ್ರ ಮುಂದೂಡಬೇಡಿ: ಟೈ ರಾಡ್ ಕಳಚಿದರೆ ಆ ಚಕ್ರ ನಿಮ್ಮ ಮಾತು ಕೇಳಲ್ಲ.

ಇನ್ನು ಡೋರ್. ಫ್ಯೂಸ್ ಸರಿಯಿದ್ದೂ ಒಂದೇ ಡೋರ್‌ನಲ್ಲಿ ಎರಡೂ ಕೈಕೊಟ್ಟರೆ ಮೋಟಾರ್‌ಗೆ ಬೈಯಬೇಡಿ. ಬಾಡಿಗೂ ಡೋರ್‌ಗೂ ನಡುವಿನ ರಬ್ಬರ್ ಬೂಟ್ ಬಿಚ್ಚಿ ನೋಡಿ. ಸಾವಿರಾರು ಸಲ ಬಾಗಿದ ವೈರಿನ ಎಳೆಗಳು ಅಲ್ಲೇ ತುಂಡಾಗೋದು. ಇಲ್ಲೊಂದು ಮೋಸ ಇದೆ. ಒಂದೇ ಎಳೆ ಉಳಿದಿದ್ದರೂ ಮಲ್ಟಿಮೀಟರಿನ ಕಂಟಿನ್ಯುಟಿ 'ಬೀಪ್' ಅನ್ನುತ್ತದೆ, ಯಾಕಂದ್ರೆ ಅದು ಹರಿಸುವ ಕರೆಂಟ್ ತೀರಾ ಕಡಿಮೆ. ಮೋಟಾರ್‌ಗೆ ಹಲವು ಆಂಪಿಯರ್ ಬೇಕು. ಹಾಗಾಗಿ ಸ್ವಿಚ್ ಒತ್ತಿಹಿಡಿದೇ ಮೋಟಾರ್ ಟರ್ಮಿನಲ್‌ನಲ್ಲಿ ವೋಲ್ಟೇಜ್ ಅಳೆಯಿರಿ. 12 ವೋಲ್ಟ್ ಇರಬೇಕಾದಲ್ಲಿ 5 ಬಂದರೆ, ಉಳಿದ 7 ದಾರೀಲೇ ಕಳೆದುಹೋಗಿದೆ. ಲ್ಯಾಬ್‌ನಲ್ಲಿ ಬೋರ್ ಹೊಡೆಸಿದ ಓಮ್ ನಿಯಮ ಇಲ್ಲಿ ಹೊಸ ಮೋಟಾರ್‌ನ ದುಡ್ಡು ಉಳಿಸುತ್ತೆ.