ಸೂರ್ಯಾಸ್ತದ ಮುಂಚಿನ ಕೊನೆಯ ಕಪ್: ನಿದ್ದೆ ಕೆಡಿಸದ ಪೇಯ ಯಾವುದು?

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದಲ್ಲಿ ಡಿಸೆಂಬರ್ ಆರಂಭದ ಹೊತ್ತಿಗೆ ಸೂರ್ಯ ಮುಳುಗುವುದು ಸಂಜೆ ಸುಮಾರು 5.50ಕ್ಕೆ, ಜುಲೈ ಆರಂಭದಲ್ಲಿ ಸುಮಾರು 7 ಗಂಟೆಗೆ. ರಾತ್ರಿಭೋಜನ ತ್ಯಾಗ ಪಾಲಿಸುವ ಜೈನ ಮನೆಗಳಲ್ಲಿ ಅಷ್ಟರೊಳಗೆ ಊಟ ಮುಗಿಯಬೇಕು. ಅಂಗಡಿ, ಹೊಲ, ಕಚೇರಿಯಿಂದ ಅವಸರದಲ್ಲಿ ಮನೆಗೆ ಬಂದು ಊಟ ಮಾಡಿ, ಕೊನೆಗೆ ಒಂದು ಕಪ್ ಚಹಾ ಅಥವಾ ಕಾಫಿ ಕುಡಿದು ಕೈತೊಳೆಯುವುದು ಎಷ್ಟೋ ಮನೆಗಳ ರೂಢಿ. ಇನ್ನು ಬೆಳಗಿನವರೆಗೆ ಏನೂ ಇಲ್ಲವೆಂಬ ಕಾರಣಕ್ಕೆ ಆ ಕಪ್ ಸ್ವಲ್ಪ ದೊಡ್ಡದೂ ಕಡಕ್ಕೂ ಆಗಿರುತ್ತದೆ. ರಾತ್ರಿ ನಿದ್ದೆ ಬಾರದೆ ಹೊರಳಾಡುವುದಕ್ಕೆ, ಬೆಳಗಿನ ಪೂಜೆ, ಸಾಮಾಯಿಕ, ಸ್ವಾಧ್ಯಾಯದಲ್ಲಿ ತೂಕಡಿಸುವುದಕ್ಕೆ ಹಲವರಲ್ಲಿ ಇದೂ ಒಂದು ಕಾರಣ.

ಕೆಫೀನ್ ಮಾಡುವ ಕೆಲಸ

ಎಚ್ಚರವಿರುವಷ್ಟು ಹೊತ್ತು ನಮ್ಮ ಮಿದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಸೇರುತ್ತಾ ಹೋಗುತ್ತದೆ. ಅದು ಹೆಚ್ಚಿದಂತೆ ನಿದ್ದೆ ಎಳೆಯುತ್ತದೆ. ಚಹಾ-ಕಾಫಿಯಲ್ಲಿರುವ ಕೆಫೀನ್, ಅಡಿನೋಸಿನ್ ಕುಳಿತುಕೊಳ್ಳಬೇಕಾದ ಜಾಗದಲ್ಲಿ ತಾನೇ ಹೋಗಿ ಕೂರುತ್ತದೆ. ದಣಿವು ಹೋಗಿರುವುದಿಲ್ಲ, ದಣಿವಿನ ಸುದ್ದಿ ಮಾತ್ರ ಮಿದುಳಿಗೆ ಮುಟ್ಟುವುದಿಲ್ಲ.

ದೇಹಕ್ಕೆ ಸೇರಿದ ಕೆಫೀನ್ ಅರ್ಧಕ್ಕೆ ಇಳಿಯಲು ಸಾಮಾನ್ಯವಾಗಿ 5 ಗಂಟೆ ಬೇಕು. ಕೆಲವರಲ್ಲಿ ಇದು ಬೇಗ, ಕೆಲವರಲ್ಲಿ ತಡ. ಗರ್ಭಿಣಿಯರಲ್ಲಿ ಬಹಳ ತಡ. ಸಂಜೆ 6ಕ್ಕೆ ಕುಡಿದ ಕಾಫಿಯಲ್ಲಿ 100 ಮಿಲಿಗ್ರಾಂ ಕೆಫೀನ್ ಇದ್ದರೆ, ರಾತ್ರಿ 11ಕ್ಕೂ ಸುಮಾರು 50 ಮಿಲಿಗ್ರಾಂ ದೇಹದಲ್ಲಿರುತ್ತದೆ. 2013ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನದಲ್ಲಿ, ಮಲಗುವ 6 ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ಸೇವಿಸಿದವರ ನಿದ್ದೆ ಒಂದು ಗಂಟೆಗೂ ಹೆಚ್ಚು ಕಡಿಮೆಯಾಗಿತ್ತು. ಅದು ದೊಡ್ಡ ಪ್ರಮಾಣ ನಿಜ. ಆದರೆ ಸಂಜೆ 6ಕ್ಕೆ ಕುಡಿದು 10ಕ್ಕೆ ಮಲಗುವವರಿಗೆ ಸಿಗುವ ಅಂತರ 4 ಗಂಟೆ ಮಾತ್ರ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2024ರ ಆಹಾರ ಮಾರ್ಗಸೂಚಿಯ ಪ್ರಕಾರ 150 ಮಿಲಿಲೀಟರ್ ಫಿಲ್ಟರ್ ಕಾಫಿಯಲ್ಲಿ 80ರಿಂದ 120, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನ್ ಇರುತ್ತದೆ. ದಿನಕ್ಕೆ 300 ಮಿಲಿಗ್ರಾಂ ಮೀರಬಾರದು. ಊಟಕ್ಕೆ ಒಂದು ಗಂಟೆ ಮೊದಲು ಮತ್ತು ಊಟವಾದ ಒಂದು ಗಂಟೆಯವರೆಗೆ ಚಹಾ-ಕಾಫಿ ಬೇಡ ಎಂದೂ ಅದು ಹೇಳುತ್ತದೆ. ಅವುಗಳ ಟ್ಯಾನಿನ್ ಆಹಾರದ ಕಬ್ಬಿಣಾಂಶ ಮೈಗೆ ಹತ್ತದಂತೆ ಮಾಡುತ್ತದೆ. ಕಾಳು, ಸೊಪ್ಪುಗಳಿಂದಲೇ ಕಬ್ಬಿಣಾಂಶ ಪಡೆಯುವ ಸಸ್ಯಾಹಾರಿ ಮನೆಗಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳು ಈ ಮಾತನ್ನು ಗಮನಿಸಬೇಕು.

ಎಲ್ಲ ಸಲಹೆಯೂ ನಮ್ಮ ಅಡುಗೆಮನೆಗೆ ಹೊಂದುವುದಿಲ್ಲ

ಮಲಗುವ ಮುನ್ನ ಬಿಸಿ ಹಾಲು ಕುಡಿಯಿರಿ ಎಂಬುದು ಸಾಮಾನ್ಯ ಸಲಹೆ. ರಾತ್ರಿ ಆಹಾರ ಬಿಟ್ಟವರಿಗೆ ಅದು ಬರುವುದಿಲ್ಲ. ಜೇನು ಬೆರೆಸಿ ಎನ್ನುತ್ತಾರೆ; ಮಧು ಜೈನರಿಗೆ ವರ್ಜ್ಯ. ಹಸಿಶುಂಠಿ, ಹಸಿ ಅರಿಶಿನ ಕಂದಮೂಲ. ಅಶ್ವಗಂಧವೂ ಬೇರೇ.

ಚಿಕೋರಿಯ ವಿಷಯ ಹಲವರಿಗೆ ಹೊಳೆಯುವುದಿಲ್ಲ. ಅದರಲ್ಲಿ ಕೆಫೀನ್ ಇಲ್ಲ, ಆದರೆ ಅದು ಒಂದು ಗಿಡದ ಬೇರನ್ನು ಹುರಿದು ಮಾಡಿದ ಪುಡಿ. ಮಾರುಕಟ್ಟೆಯ ಅನೇಕ ಕಾಫಿಪುಡಿಗಳಲ್ಲಿ ಚಿಕೋರಿ ಬೆರೆತಿರುತ್ತದೆ, ಕಾನೂನಿನಂತೆ ಶೇ. 49ರವರೆಗೆ ಬೆರೆಸಬಹುದು ಮತ್ತು ಪ್ರಮಾಣವನ್ನು ಪೊಟ್ಟಣದ ಮೇಲೆ ಮುದ್ರಿಸಬೇಕು. ಕಂದಮೂಲ ತ್ಯಾಗವಿರುವವರು ಪೊಟ್ಟಣ ಓದಿಯೇ ಕೊಳ್ಳುವುದು ಒಳ್ಳೆಯದು.

ಗ್ರೀನ್ ಟೀ, ಬ್ಲ್ಯಾಕ್ ಟೀ, ಕೋಲಾ ಪಾನೀಯಗಳಲ್ಲೂ ಕೆಫೀನ್ ಇದೆ. ಕೆಫೀನ್ ತೆಗೆದ ಕಾಫಿಯಲ್ಲೂ ಸ್ವಲ್ಪ ಉಳಿದಿರುತ್ತದೆ.

ಮನೆಯಲ್ಲೇ ಇರುವ ಬದಲಿಗಳು

*ಹವೀಜದ ಕಷಾಯ:* 4 ಚಮಚ ಹವೀಜ (ಕೊತ್ತಂಬರಿ ಬೀಜ), 1 ಚಮಚ ಜೀರಿಗೆ, 1 ಚಮಚ ಬಡೇಸೋಪು, ನಾಲ್ಕು ಕಾಳುಮೆಣಸು ಹದವಾಗಿ ಹುರಿದು ಪುಡಿ ಮಾಡಬೇಕು. ಎರಡು ಕಪ್ ನೀರಿಗೆ ಒಂದು ಚಮಚ ಪುಡಿ, ಸ್ವಲ್ಪ ಬೆಲ್ಲ ಹಾಕಿ ಕುದಿಸಿ ಸೋಸಿ, ಬೇಕಿದ್ದರೆ ಹಾಲು ಸೇರಿಸಬಹುದು. ಒಣಶುಂಠಿ ಬಳಸುವ ರೂಢಿಯಿರುವ ಮನೆಗಳಲ್ಲಿ ಚಿಟಿಕೆ ಹಾಕಬಹುದು.

*ಹುರಿದ ಧಾನ್ಯದ ಪೇಯ:* ಕಾಫಿಯ ಕಹಿ, ಘಮ ಬೇಕೆನ್ನುವವರಿಗೆ ಇದು ಹತ್ತಿರದ ರುಚಿ. ಜಪಾನಿನಲ್ಲಿ ಹುರಿದ ಬಾರ್ಲಿಯ ನೀರು, ಇಟಲಿಯಲ್ಲಿ ಬಾರ್ಲಿ ಕಾಫಿ ಮನೆಮನೆಯ ಪೇಯಗಳು. ಕುಷ್ಟಗಿ, ಯಲಬುರ್ಗಾದ ಒಣಭೂಮಿಯಲ್ಲಿ ಬೆಳೆಯುವ ಜೋಳದಿಂದಲೂ ಇದನ್ನು ಮಾಡಬಹುದು. ಸಣ್ಣ ಉರಿಯಲ್ಲಿ ಕಾಫಿಬಣ್ಣ ಬರುವವರೆಗೆ ಹುರಿದು, ತರಿಯಾಗಿ ಪುಡಿ ಮಾಡಿ, 5 ನಿಮಿಷ ಕುದಿಸಿ ಸೋಸಿದರೆ ಆಯಿತು. ಇದು ಧಾನ್ಯವಾದ್ದರಿಂದ ಉಪವಾಸದ ದಿನಕ್ಕಲ್ಲ.

*ಏಲಕ್ಕಿ ಹಾಲು:* ಹಾಲು ನಿದ್ದೆಯ ಔಷಧವಲ್ಲ. ಆದರೆ ಹೊಟ್ಟೆ ತುಂಬಿದ ಸಮಾಧಾನ ಕೊಡುತ್ತದೆ, ಚಹಾದ ಜಾಗವನ್ನು ತುಂಬುತ್ತದೆ.

ಪುಡಿಯ ಮರ್ಯಾದೆ ಪಾಲಿಸುವವರು ಹಿಟ್ಟಿನಂತೆಯೇ ಮಳೆಗಾಲದಲ್ಲಿ 3, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7 ದಿನಕ್ಕಾಗುವಷ್ಟು ಮಾತ್ರ ಪುಡಿ ಮಾಡಿಕೊಳ್ಳಬೇಕು. ಸಕ್ಕರೆ ಕಾಯಿಲೆ ಇರುವವರು ಬೆಲ್ಲ ಬಿಡಬೇಕು.

ಪರ್ವಕ್ಕೆ ಮೊದಲೇ ಸಿದ್ಧತೆ

ಭಾದ್ರಪದದ ದಶಲಕ್ಷಣ ಅಥವಾ ಪರ್ಯೂಷಣ ಪರ್ವದಲ್ಲಿ ಉಪವಾಸ, ಏಕಾಶನ ಹಿಡಿದವರಿಗೆ ಮೊದಲೆರಡು ದಿನ ಭಾರೀ ತಲೆನೋವು ಬರುವುದುಂಟು. ಎಲ್ಲವೂ ಹಸಿವಿನದ್ದಲ್ಲ. ದಿನವೂ ಕುಡಿಯುತ್ತಿದ್ದ ಕೆಫೀನ್ ಒಮ್ಮೆಗೇ ನಿಂತರೆ 12ರಿಂದ 24 ಗಂಟೆಯೊಳಗೆ ತಲೆನೋವು, ಮಂಕು, ಸಿಡುಕು ಶುರುವಾಗಿ 2ರಿಂದ 9 ದಿನ ಇರಬಹುದು. ದೇಹಕ್ಕೆ ಶಕ್ತಿಯಿದ್ದೂ ಈ ನೋವಿನಿಂದಲೇ ವ್ರತ ಕಷ್ಟವೆನಿಸಬಹುದು.

ಇದಕ್ಕೆ ಉಪಾಯ ಸರಳ. ಪರ್ವಕ್ಕೆ ಎರಡು-ಮೂರು ವಾರ ಮೊದಲೇ ಇಳಿಸುತ್ತಾ ಬರುವುದು. ಮೊದಲ ವಾರ ಸಂಜೆಯ ಕಪ್ಪಿನಲ್ಲಿ ಅರ್ಧ ಚಹಾ, ಅರ್ಧ ಕಷಾಯ; ಎರಡನೇ ವಾರ ಸಂಜೆ ಪೂರ್ತಿ ಕಷಾಯ; ಆಮೇಲೆ ಬೆಳಗಿನ ಕಪ್ಪನ್ನೂ ಚಿಕ್ಕದು ಮಾಡುವುದು. ಚಾತುರ್ಮಾಸದಲ್ಲಿ ಚಹಾ-ಕಾಫಿ ತ್ಯಾಗದ ನಿಯಮ ತೆಗೆದುಕೊಳ್ಳುವವರಿಗೂ ಇದೇ ಕ್ರಮ ಅನುಕೂಲ.

ಪರ್ವವಿಲ್ಲದ ದಿನಗಳಲ್ಲೂ ಒಂದು ನಿಯಮ ಸಾಕು: ಕೊನೆಯ ಚಹಾ ಅಥವಾ ಕಾಫಿ ಮಧ್ಯಾಹ್ನ 2 ಗಂಟೆಯೊಳಗೆ, ಸೂರ್ಯಾಸ್ತದ ಮುಂಚಿನ ಕಪ್ ಕಷಾಯದ್ದು. ಮನೆಯಲ್ಲಿ ಹಿರಿಯರಿದ್ದರೆ ಅವರಿಗೊಬ್ಬರಿಗೇ ಬೇರೆ ಮಾಡಿಕೊಡುವುದಕ್ಕಿಂತ ಎಲ್ಲರೂ ಅದನ್ನೇ ಕುಡಿದರೆ ರೂಢಿ ಬೇಗ ನಿಲ್ಲುತ್ತದೆ.

ಹೀಗೆ ಮಾಡಿಯೂ ವಾರಕ್ಕೆ ಮೂರು ರಾತ್ರಿಗಿಂತ ಹೆಚ್ಚು ನಿದ್ದೆ ಬಾರದೆ ಅದು ತಿಂಗಳುಗಟ್ಟಲೆ ಮುಂದುವರಿದರೆ, ಅಥವಾ ಜೋರು ಗೊರಕೆಯ ನಡುವೆ ಉಸಿರು ಕಟ್ಟಿದಂತಾಗುತ್ತಿದ್ದರೆ, ಅದು ಚಹಾದ ವಿಷಯವಲ್ಲ. ವೈದ್ಯರನ್ನು ಕಾಣಬೇಕು.