ಕಾಲನಿಯಂತ್ರಿತ ಗಣಕಾದೇಶ: ದೀಪವೊಂದರ ನಿದರ್ಶನ

ನಿಯತ ವೇಳೆಯಲ್ಲಿ ಉಪಕರಣವೊಂದನ್ನು ನಡೆಸುವಂತೆ ಗಣಕಯಂತ್ರಕ್ಕೆ ಬರೆದುಕೊಡುವ ಕಿರಿದಾದ ಆದೇಶಪಟ್ಟಿಯನ್ನು ಸ್ಕ್ರಿಪ್ಟ್ ಎನ್ನುತ್ತಾರೆ. ಯೂನಿಕ್ಸ್ ಹಾಗೂ ಲಿನಕ್ಸ್ ವ್ಯವಸ್ಥೆಗಳಲ್ಲಿ ಅದನ್ನು ಹೊತ್ತಿಗೆ ಸರಿಯಾಗಿ ಜರುಗಿಸುವ ಕಾರ್ಯವನ್ನು ಕ್ರಾನ್ ಎಂಬ ಕ್ರಮವಿಧಿ ನಿರ್ವಹಿಸುತ್ತದೆ. 1979ರ ಏಳನೆಯ ಆವೃತ್ತಿಯ ಯೂನಿಕ್ಸಿನಲ್ಲಿಯೇ ಇದು ಇದ್ದಿತು. ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ ಎಂಬ 5 ಅಂಶಗಳನ್ನೂ ಮಾಡಬೇಕಾದ ಕೆಲಸವನ್ನೂ ಒಂದೇ ಪಂಕ್ತಿಯಲ್ಲಿ ಬರೆದರೆ ಸಾಕು.

ಸಸ್ಯಶಾಸ್ತ್ರದ ಪ್ರಯೋಗವೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಸೇವಂತಿಗೆಯು ಹ್ರಸ್ವದಿನ ಸಸ್ಯ. ಅದು ಮೊಗ್ಗು ಕಟ್ಟಲು ದೀರ್ಘವೂ ಅಖಂಡವೂ ಆದ ಕತ್ತಲೆ ಬೇಕು. ನಡುರಾತ್ರಿಯ ಬೆಳಕು ಹೂವನ್ನು ತಡೆಯುತ್ತದೆ. ಆದಕಾರಣ ಕತ್ತಲೆಕೋಣೆಯ ದೀಪವು ಬೆಳಗ್ಗೆ 8ಕ್ಕೆ ಹೊತ್ತಿ ಸಂಜೆ 6ಕ್ಕೆ ಆರಬೇಕು. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಗಣಕಫಲಕದ ಸಂಕೇತ ಕೇವಲ 3.3 ವೋಲ್ಟ್ ಆದುದರಿಂದ, ಅದಕ್ಕೂ ದೀಪಕ್ಕೂ ನಡುವೆ ರಿಲೇ ಎಂಬ ಸ್ವಿಚ್ಚು ಅವಶ್ಯ.

8ಕ್ಕೆ "ಹೊತ್ತಿಸು", 6ಕ್ಕೆ "ಆರಿಸು" ಎಂದು ಎರಡು ಆದೇಶಗಳನ್ನು ಬರೆಯುವುದು ಎಲ್ಲರಿಗೂ ಮೊದಲು ಹೊಳೆಯುವ ಮಾರ್ಗ. ಆದರೆ 8ರ ಹೊತ್ತಿಗೆ ವಿದ್ಯುತ್ತು ಇಲ್ಲದಿದ್ದರೆ ಆ ಆದೇಶವು ತಪ್ಪಿಹೋಗುತ್ತದೆ. ಸಾಮಾನ್ಯ ಕ್ರಾನ್ ಅದನ್ನು ಮತ್ತೆ ಜರುಗಿಸುವುದಿಲ್ಲ. ಗಿಡಗಳು ದಿನವಿಡೀ ಕತ್ತಲೆಯಲ್ಲಿ ಉಳಿಯುತ್ತವೆ. ಇದಕ್ಕೆ ಪರಿಹಾರವೆಂದರೆ, ಸ್ಕ್ರಿಪ್ಟನ್ನು ಪ್ರತಿ ನಿಮಿಷವೂ ಎಬ್ಬಿಸಿ, "ಈಗ ದೀಪವು ಯಾವ ಸ್ಥಿತಿಯಲ್ಲಿರಬೇಕು?" ಎಂಬ ಒಂದೇ ಪ್ರಶ್ನೆಯನ್ನು ಕೇಳಿಸಿ, ಉತ್ತರದಂತೆ ನಡೆಸುವುದು. ಆಗ ತಪ್ಪಿದ ಕೆಲಸವು ವಿದ್ಯುತ್ತು ಬಂದ ಸ್ವಲ್ಪ ಹೊತ್ತಿನಲ್ಲೇ ಸರಿಹೋಗುತ್ತದೆ.

ಆದರೆ ಈ ಪರಿಹಾರದಿಂದಲೇ ಇನ್ನೊಂದು ಅಪಾಯವು ಹುಟ್ಟುತ್ತದೆ. ಈ ಜಾತಿಯ ಹಳೆಯ ಫಲಕಗಳಲ್ಲಿ ಬ್ಯಾಟರಿಯಿಂದ ನಡೆಯುವ ಗಡಿಯಾರವಿಲ್ಲ. ವಿದ್ಯುತ್ತು ಮರಳಿದಾಗ ಅವು ಕೊನೆಗೆ ಬರೆದಿಟ್ಟ ಸಮಯದಿಂದಲೇ ಎಣಿಕೆಯನ್ನು ಮುಂದುವರಿಸುತ್ತವೆ. ಅಂತರಜಾಲ ದೊರೆತಾಗ ಮಾತ್ರ ತಿದ್ದಿಕೊಳ್ಳುತ್ತವೆ. ಸಂಜೆ 4ಕ್ಕೆ ಹೋದ ವಿದ್ಯುತ್ತು ರಾತ್ರಿ 12ಕ್ಕೆ ಬಂದು, ಅಂತರಜಾಲವು ಇಲ್ಲದಿದ್ದರೆ, ಫಲಕವು ಇನ್ನೂ ಸುಮಾರು 4 ಗಂಟೆಯೆಂದೇ ಬಗೆದು ನಡುರಾತ್ರಿಯಲ್ಲಿ ಎರಡು ಗಂಟೆ ಕಾಲ ದೀಪವನ್ನು ಉರಿಸುತ್ತದೆ. ಆದೇಶದಲ್ಲಿ ದೋಷವಿಲ್ಲ, ಆದರೂ ಪ್ರಯೋಗ ಕೆಡುತ್ತದೆ.

ಆದುದರಿಂದ ಸ್ಕ್ರಿಪ್ಟಿನ ಮೊದಲನೆಯ ಪರೀಕ್ಷೆಯು ಗಡಿಯಾರದ್ದಾಗಿರಬೇಕು: ಸಮಯವು ತಿದ್ದಲ್ಪಟ್ಟಿದೆಯೇ? ಇಲ್ಲವಾದರೆ ದೀಪವು ಆರಿರಲಿ; ಇಲ್ಲಿ ಕೆಲಕಾಲದ ಕತ್ತಲೆಗಿಂತ ಅಕಾಲದ ಬೆಳಕು ಹೆಚ್ಚು ಹಾನಿಕರ. 2023ರಲ್ಲಿ ಬಂದ ಐದನೆಯ ಪೈ ಫಲಕದಲ್ಲಿ ಗಡಿಯಾರವು ಅಡಕವಾಗಿದೆಯಾದರೂ ಬ್ಯಾಟರಿಯನ್ನು ಬೇರೆಯಾಗಿ ಜೋಡಿಸಬೇಕು. ಎರಡು ಹಾನಿಗಳಲ್ಲಿ ಕಿರಿದು ಯಾವುದೆಂಬುದನ್ನು ಯಂತ್ರವು ತಾನಾಗಿ ಅರಿಯದು. ಅದನ್ನು ಪ್ರಯೋಗಶೀಲನು ಮುಂಚಿತವಾಗಿ ನಿಶ್ಚಯಿಸಿ ಬರೆದಿಡಬೇಕು.