ಅರ್ಜಿ ಹಾಕದ ಪ್ರತಿಭೆಗಳು

ಸಂತೆಯಲ್ಲಿ ಹತ್ತು ರೂಪಾಯಿಗೆ ಮೂರು ನಿಂಬೆಹಣ್ಣು. ಹದಿನೆಂಟು ಹಣ್ಣಿಗೆ ಎಷ್ಟು? ಅವ್ವನ ಪಕ್ಕ ಕೂತು ವ್ಯಾಪಾರ ಮಾಡುವ ಹುಡುಗಿ ಥಟ್ಟನೆ ಅರವತ್ತು ಎನ್ನುತ್ತಾಳೆ. ಮೂರು ಮೂರರಂತೆ ಆರು ಗುಡ್ಡೆ, ಗುಡ್ಡೆಗೆ ಹತ್ತು, ಮುಗಿಯಿತು. ಅದೇ ಲೆಕ್ಕ ಶಾಲೆಯ ಬೋರ್ಡಿನ ಮೇಲೆ ಬಂದರೆ ಮೊದಲು ಒಂದು ಹಣ್ಣಿನ ಬೆಲೆ ಕಂಡುಹಿಡಿಯಬೇಕು. ಹತ್ತನ್ನು ಮೂರರಿಂದ ಭಾಗಿಸಿದರೆ 3.33, ಅದನ್ನು ಹದಿನೆಂಟರಿಂದ ಗುಣಿಸಿದರೆ 59.94. ಹೀಗೆ ಹಂತ ಹಂತವಾಗಿ ಬರೆದವನಿಗೆ ಅಂಕ ಸಿಗುತ್ತದೆ. ಬರೀ ಉತ್ತರ ಬರೆದವಳಿಗೆ ಕೆಂಪು ಶಾಯಿಯಲ್ಲಿ ‘ವಿಧಾನ ಎಲ್ಲಿ?’

ಅಭಿಜಿತ್ ಬ್ಯಾನರ್ಜಿ, ಎಸ್ತೆರ್ ಡುಫ್ಲೋ ಮತ್ತು ಸಂಗಡಿಗರು ಕೋಲ್ಕತ್ತ, ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳ ಮೇಲೆ ನಡೆಸಿದ ಅಧ್ಯಯನ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ತೂಕ, ಬೆಲೆ, ಚಿಲ್ಲರೆಯ ಲೆಕ್ಕವನ್ನು ಮನಸ್ಸಿನಲ್ಲೇ ಸರಿಯಾಗಿ ಮಾಡುವ ಮಕ್ಕಳು ಶಾಲೆಯ ಮಾದರಿಯ ಲೆಕ್ಕ ಕೊಟ್ಟರೆ ತಡವರಿಸಿದರು. ಶಾಲೆಗಷ್ಟೇ ಹೋಗುವ ಮಕ್ಕಳ ಕತೆ ಉಲ್ಟಾ. ಸಂತೆಯ ಮಕ್ಕಳೆಲ್ಲ ಅಸಾಧಾರಣ ಪ್ರತಿಭಾವಂತರು ಎಂದು ಇದರರ್ಥವಲ್ಲ. ಆದರೆ ಅವರಲ್ಲಿ ಒಬ್ಬಳು ಅಸಾಧಾರಣಳಾಗಿದ್ದರೆ ಅದು ತಿಳಿಯುವ ಬಗೆ ನಮ್ಮ ಶಾಲೆಗಳಲ್ಲಿ ಇದೆಯೇ?

‘ಇವನು ಜಾಣ’ ಎಂದು ಮೇಷ್ಟ್ರು ತೋರಿಸುವ ಹುಡುಗ ಸಾಮಾನ್ಯವಾಗಿ ದುಂಡಗೆ ಬರೆಯುವವನು, ಹೋಂವರ್ಕ್ ತಪ್ಪಿಸದವನು, ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳುವವನು. ಪಾಠ ಅರ್ಧದಲ್ಲೇ ಅರ್ಥವಾಗಿ ಬೇಸರಬಂದು ಪಕ್ಕದವನನ್ನು ಚಿವುಟುವ ಹುಡುಗನಿಗೆ ‘ತರಲೆ’ ಎಂಬ ಹೆಸರು. ಮೇಷ್ಟ್ರನ್ನು ದೂರಿ ಫಲವಿಲ್ಲ. ಗಣತಿ, ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವುದು ಎಲ್ಲವೂ ಅವರ ತಲೆಯ ಮೇಲೇ ಇದೆ.

ಹಾಗೆಂದು ಸರ್ಕಾರ ಕೈಕಟ್ಟಿ ಕೂತಿಲ್ಲ. 1986ರ ಶಿಕ್ಷಣ ನೀತಿಯ ಕೂಸಾದ ನವೋದಯ ಶಾಲೆಗಳಲ್ಲಿ ಕನಿಷ್ಠ ಶೇ 75ರಷ್ಟು ಸೀಟು ಗ್ರಾಮೀಣ ಮಕ್ಕಳಿಗೆ, ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ ಮೀಸಲು. ಎಂಟನೇ ತರಗತಿಯ ಎನ್‌ಎಂಎಂಎಸ್ ಪರೀಕ್ಷೆಯಲ್ಲಿ ಆಯ್ಕೆಯಾದ ಸರ್ಕಾರಿ, ಅನುದಾನಿತ ಶಾಲೆಯ ಮಗುವಿಗೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ಎಷ್ಟೋ ಬಡ ಮನೆಗಳಲ್ಲಿ ಹುಡುಗಿಯ ಓದು ಹತ್ತಕ್ಕೆ ನಿಲ್ಲದಿರಲು ಈ ಹಣವೇ ಕಾರಣವಾದರೆ ಆಶ್ಚರ್ಯವಿಲ್ಲ.

ತೊಡಕಿರುವುದು ಇವೆಲ್ಲವೂ ಅರ್ಜಿಯಿಂದ ಶುರುವಾಗುವುದರಲ್ಲಿ. ಎನ್‌ಎಂಎಂಎಸ್‌ಗೆ ಪೋಷಕರ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಿರಬಾರದು. ಅದಕ್ಕೆ ನಾಡಕಚೇರಿಯ ಆದಾಯ ಪ್ರಮಾಣಪತ್ರ ಬೇಕು. ಹಣ ಬರಲು ಮಗುವಿನ ಹೆಸರಿನಲ್ಲಿ ಬ್ಯಾಂಕ್ ಖಾತೆ ಬೇಕು. ಆಧಾರ್‌ನಲ್ಲಿ ‘ಲಕ್ಷ್ಮವ್ವ’, ಶಾಲಾ ದಾಖಲೆಯಲ್ಲಿ ‘ಲಕ್ಷ್ಮಿ’ ಎಂದಿದ್ದರೆ ಮತ್ತೊಂದು ಅಲೆದಾಟ. ಅಪ್ಪನಿಗೆ ಒಂದು ದಿನದ ಕೂಲಿ ಹೋಗುತ್ತದೆ, ಅದೂ ಮಗಳು ಪಾಸಾಗುತ್ತಾಳೋ ಇಲ್ಲವೋ ಗೊತ್ತಿಲ್ಲದ ಪರೀಕ್ಷೆಗೆ.

ನವೋದಯದ ಆರನೇ ತರಗತಿಯ ಪ್ರವೇಶ ಪರೀಕ್ಷೆಯ ನಿಯಮ ಇನ್ನೂ ಬಿಗಿ: ಎರಡನೇ ಸಲ ಬರೆಯುವಂತಿಲ್ಲ. ಪತ್ರಿಕೆಯ ಅರ್ಧದಷ್ಟು ಪ್ರಶ್ನೆಗಳು ಮಾನಸಿಕ ಸಾಮರ್ಥ್ಯದವು. ಗುಂಪಿಗೆ ಸೇರದ ಚಿತ್ರ ಯಾವುದು, ಮಡಿಸಿ ತೂತು ಮಾಡಿದ ಕಾಗದ ಬಿಡಿಸಿದರೆ ಹೇಗೆ ಕಾಣುತ್ತದೆ, ಇಂಥವು. ಪಾಠ ಹೇಳಿಸಿಕೊಳ್ಳದ ಮಗುವಿನ ಬುದ್ಧಿಯನ್ನೂ ಅಳೆಯಬಲ್ಲ ಪ್ರಶ್ನೆಗಳಿವು. ಆದರೆ ಊರೂರಲ್ಲಿ ನವೋದಯ ಕೋಚಿಂಗ್ ಬೋರ್ಡುಗಳು ಎದ್ದಿವೆ. ಆ ಕಾಗದವನ್ನು ಮುನ್ನೂರು ಸಲ ಮಡಿಸಿ ಬಿಡಿಸಿ ಬಂದವನ ಪಕ್ಕದ ಬೆಂಚಿನಲ್ಲಿ, ಅಂಥ ಚಿತ್ರವನ್ನೇ ಮೊದಲ ಸಲ ನೋಡುವವಳು ಕೂರುತ್ತಾಳೆ.

ಅಮೆರಿಕದ ಫ್ಲಾರಿಡಾದಲ್ಲಿ ಬ್ರೋವರ್ಡ್ ಕೌಂಟಿ ಎಂಬ ದೊಡ್ಡ ಶಾಲಾ ಜಿಲ್ಲೆಯಿದೆ. ಅಲ್ಲಿಯೂ ಮೊದಲು ಪ್ರತಿಭಾವಂತ ಮಕ್ಕಳ ವಿಶೇಷ ಯೋಜನೆಗೆ ಶಿಕ್ಷಕರು ಅಥವಾ ಪೋಷಕರು ಶಿಫಾರಸು ಮಾಡಿದ ಮಕ್ಕಳನ್ನಷ್ಟೇ ಪರೀಕ್ಷಿಸುತ್ತಿದ್ದರು. 2005ರಲ್ಲಿ ಪದ್ಧತಿ ಬದಲಾಯಿತು: ಎರಡನೇ ತರಗತಿಯ ಎಲ್ಲ ಮಕ್ಕಳಿಗೂ ಭಾಷೆಯ ಹಂಗಿಲ್ಲದ, ಚಿತ್ರಗಳ ಪ್ರಾಥಮಿಕ ಪರೀಕ್ಷೆ. ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಲಾರಾ ಜೂಲಿಯಾನೋ ಇದರ ಫಲಿತಾಂಶ ಪರಿಶೀಲಿಸಿದರು. ಅರ್ಹತೆಯ ಮಟ್ಟವನ್ನು ಒಂದಿಷ್ಟೂ ಇಳಿಸದೆ ಬಡ, ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳ ಆಯ್ಕೆ ದೊಡ್ಡ ಪ್ರಮಾಣದಲ್ಲಿ ಏರಿತ್ತು. ಆ ಮಕ್ಕಳು ಮೊದಲೂ ಅದೇ ಬೆಂಚುಗಳಲ್ಲಿ ಕೂತಿದ್ದರು, ಯಾರೂ ಹೆಸರು ಕೊಟ್ಟಿರಲಿಲ್ಲ ಅಷ್ಟೆ. ಮುಂದೆ ಆರ್ಥಿಕ ಹಿಂಜರಿತದ ಹೊತ್ತಿಗೆ ದುಡ್ಡಿನ ಕೊರತೆಯೆಂದು ಯೋಜನೆಗೆ ಕತ್ತರಿ ಬಿತ್ತು, ಗಳಿಸಿದ್ದೂ ಕರಗಿತು.

ನಮ್ಮಲ್ಲೂ ನಾಲ್ಕನೇ ತರಗತಿಯ ಎಲ್ಲ ಮಕ್ಕಳಿಗೆ, ಅರ್ಜಿಯಿಲ್ಲದೆ, ಅವರದೇ ಶಾಲೆಯಲ್ಲಿ, ಕನ್ನಡದಲ್ಲಿ ಇಂಥದ್ದೊಂದು ಪರೀಕ್ಷೆ ನಡೆಸುವುದು ಅಸಾಧ್ಯವೇನಲ್ಲ. ಮೌಲ್ಯಾಂಕನದ ಹೆಸರಿನಲ್ಲಿ ಈಗಾಗಲೇ ಎಷ್ಟು ಕಾಗದ ಖರ್ಚಾಗುತ್ತಿಲ್ಲ?

ಆದರೆ ಗುರುತಿಸಿದ ಮೇಲೆ ಏನು? ನಮಗೆ ಗೊತ್ತಿರುವ ದಾರಿ ಒಂದೇ: ಮಗುವನ್ನು ಊರಿನಿಂದ ಕಿತ್ತು ವಸತಿ ಶಾಲೆಗೆ ಸೇರಿಸುವುದು. ಸೀಟು ಸಿಗದವಳಿಗೆ, ಹತ್ತು ವರ್ಷದ ಮಗಳನ್ನು ಹಾಸ್ಟೆಲಿಗೆ ಕಳಿಸಲು ಒಪ್ಪದ ಮನೆಯವಳಿಗೆ ಏನೂ ಇಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಇಂಥ ಮಕ್ಕಳಿಗಾಗಿ ಶಾಲೆಯಿಂದ ಜಿಲ್ಲೆಯವರೆಗೆ ವಿಷಯವಾರು ಕ್ಲಬ್‌ಗಳ ಮಾತಾಡಿದೆ. ನಮ್ಮ ಕ್ಲಸ್ಟರ್‌ಗಳಲ್ಲಿ ಶನಿವಾರ ಅಂಥದ್ದೊಂದು ಗಣಿತ ಕೂಟ ನಡೆಸಲು ಬೇಕಾದದ್ದು ಒಂದು ಕೋಣೆ, ಆಸಕ್ತಿಯಿರುವ ಒಬ್ಬ ಹೈಸ್ಕೂಲ್ ಮೇಷ್ಟ್ರು, ಮಕ್ಕಳ ಬಸ್ ಚಾರ್ಜು.

ವಿಚಿತ್ರವೆಂದರೆ, ಒಂದು ಉಪಾಯ ಕರ್ನಾಟಕದ ಕೈಯಲ್ಲೇ ಇತ್ತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿಯ ಹೂರಣವೇ ಅದು. ಗೋಡೆಯ ಮೇಲೆ ಕಲಿಕಾ ಏಣಿ, ಮಗು ಒಂದು ಕಾರ್ಡು ಮುಗಿಸಿದರೆ ಇನ್ನೊಂದಕ್ಕೆ ಕೈಹಾಕುತ್ತದೆ. ಗೈರಾಗಿ ಬಂದವನು ಬಿಟ್ಟಲ್ಲಿಂದ ಶುರುಮಾಡುತ್ತಾನೆ, ಚುರುಕಿನವಳು ಯಾರಿಗೂ ಕಾಯದೆ ಮುಂದೆ ಹೋಗುತ್ತಾಳೆ. ಈ ವ್ಯವಸ್ಥೆ ಹಿಂದೆ ಬೀಳುವ ಮಕ್ಕಳಿಗೆಂದು ಮೆಚ್ಚುಗೆ ಪಡೆಯಿತು. ಓಡುವ ಮಕ್ಕಳಿಗೂ ಅಷ್ಟೇ ಒಳ್ಳೆಯದೆಂದು ಹೆಚ್ಚು ಜನ ಹೇಳಲಿಲ್ಲ. ಮೂರನೇ ತರಗತಿ ದಾಟಿದ ಕೂಡಲೇ ಏಣಿ ಕೆಳಗಿಳಿಯುತ್ತದೆ, ಎಲ್ಲರ ಕೈಗೂ ಒಂದೇ ಪುಸ್ತಕ, ಒಂದೇ ಪುಟ.

ಕಡಿಮೆ ಮಕ್ಕಳ ಹಳ್ಳಿ ಶಾಲೆಗಳಲ್ಲಿ ನಾಲ್ಕು, ಐದನೇ ತರಗತಿಗಳು ಹೇಗೂ ಒಂದೇ ಕೋಣೆಯಲ್ಲಿ ಕೂರುತ್ತವೆ. ಗಣಿತದ ಪಿರಿಯಡ್ಡಿಗಷ್ಟೇ ಆ ನಿಂಬೆಹಣ್ಣಿನ ಹುಡುಗಿ ಆಚೆ ಸಾಲಿಗೆ ಹೋಗಿ ಕೂತರೆ ಯಾವ ಸುತ್ತೋಲೆಯೂ ಬೇಕಾಗಿಲ್ಲ. ಮೇಷ್ಟ್ರು ಹೂಂ ಎಂದರೆ ಸಾಕು.